ಮಿರಿಯಮ್ಮನ ಬಾಗಿಲಿನ ಕುಂಕುಮ

ಬ್ರೆಡ್ಡು ಬೇಯುವ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಪಕ್ಕದ ಮನೆ, ಆಮೇಲೆ ಆ ಮನೆಯ ಬಾಗಿಲಿಗೆ ಮೆತ್ತಿದ್ದ ಕೆಂಪು. ಮಗಳು ಲತಾ, ಅಳಿಯ ಇಬ್ಬರೂ ಕಂಪ್ಯೂಟರ್ ಕೆಲಸಕ್ಕೆ ಓಡುತ್ತಿದ್ದ ಕಾಲ. ಮೊಮ್ಮಗಳು ಅನುವನ್ನು ನೋಡಿಕೊಳ್ಳಲು ನನ್ನನ್ನು ಮಂಡ್ಯದಿಂದ ಕರೆಸಿಕೊಂಡಿದ್ದರು. ಪಕ್ಕದ ಮನೆಯ ಮುದುಕಿ ಮಿರಿಯಂ ಯಹೂದಿಯವಳು. ನನ್ನ ಬಾಯಲ್ಲಿ ಮಿರಿಯಮ್ಮ ಆದಳು. ಒಬ್ಬರ ಮಾತು ಒಬ್ಬರಿಗೆ ಬಾರದು. ಶುಕ್ರವಾರ ಇಬ್ಬರಿಗೂ ದೊಡ್ಡ ದಿನ, ಅಷ್ಟು ಸಾಕಾಗಿತ್ತು. ನಾನು ಹೊಸಿಲು ತೊಳೆದು ಅರಿಸಿನ ಕುಂಕುಮ ಇಡುತ್ತಿದ್ದೆ. ಅವಳು ಜಡೆಯಂತೆ ಬ್ರೆಡ್ಡು ಹೆಣೆದು ಬೇಯಿಸಿ, ಸಂಜೆ ದೀಪ ಹಚ್ಚುತ್ತಿದ್ದಳು. ಅವಳ ಬಾಗಿಲ ಚೌಕಟ್ಟಿನಲ್ಲಿ ಬೆರಳುದ್ದದ ಒಂದು ಡಬ್ಬಿ, ಅದರೊಳಗೆ ಅವರ ದೇವರ ಮಾತು. ಬರುವಾಗ ಹೋಗುವಾಗ ಮುಟ್ಟಿ ಬೆರಳಿಗೆ ಮುತ್ತಿಡುವಳು. ಅನುವೂ ಎಗರಿ ಎಗರಿ ಮುಟ್ಟುವಳು.

ಒಂದು ಗುರುವಾರ ಬೆಳಗ್ಗೆ ನೋಡಿದರೆ ಮಿರಿಯಮ್ಮನ ಗ್ಯಾರೇಜಿನ ಬಾಗಿಲ ಮೇಲೆ ಯಾರೋ ಕೆಂಪು ಪೇಂಟಿನಲ್ಲಿ ಗೀಚಿದ್ದರು. ಕನ್ನಡವನ್ನೇ ಕೂಡಿಸಿ ಓದುವ ನನಗೆ ಇಂಗ್ಲಿಷು ಎಲ್ಲಿಂದ ಬರಬೇಕು? "ಯಹೂದಿಗಳು ತೊಲಗಿ ಅಂತ ಬರ್ದಿದಾರೆ ಅತ್ತೆ" ಅಂದರು ಅಳಿಯ. ಮಗು ಏಳುವ ಮುಂಚೆ ತಾವೇ ಹೋಗಿ ಉಜ್ಜಿ ತೆಗೆದರು. "ಅನುಗೆ ಹೇಳ್ಬೇಡಮ್ಮ, ಹೆದ್ರಿಕೊಳ್ತಾಳೆ" ಅಂದಳು ಲತಾ. "ನೀನು ಹೇಳ್ದಿದ್ರೆ ಬೀದಿಯವ್ರು ಹೇಳ್ಕೊಡ್ತಾರೆ ಕಣೇ" ಅಂದೆ. ನನ್ನ ಮಾತು ಯಾರು ಕೇಳಬೇಕು.

ಮರುದಿನ ಶುಕ್ರವಾರ. ಅನು ನನ್ನ ಕುಂಕುಮದ ಬಟ್ಟಲು ಎತ್ತಿಕೊಂಡು ಪಕ್ಕದ ಮನೆಗೆ ಓಡಿದ್ದು ನನಗೆ ಕಾಣಲಿಲ್ಲ. ದೇವರಿರುವ ಬಾಗಿಲು ಬೋಳಾಗಿದೆ ಅನ್ನಿಸಿತಂತೆ. ಕುರ್ಚಿ ಹತ್ತಿ ಒದ್ದೆ ಕೈಯಲ್ಲಿ ಆ ಡಬ್ಬಿಗೆ ಕುಂಕುಮ ಬಳಿದಳು. ಅದು ಚೌಕಟ್ಟಿನುದ್ದಕ್ಕೂ ಇಳಿಯಿತು. ಮಿರಿಯಮ್ಮ ಕಿರುಚಿದ್ದು ಕೇಳಿ ಓಡಿದೆ. ಗೋಡೆ ಹಿಡಿದು ನಿಂತಿದ್ದಳು, ಮುಖ ಸುಣ್ಣ. ಮಗುವಿನ ಕೈ ನೋಡಿದಳು, ನನ್ನ ಹಣೆ ನೋಡಿದಳು, ಅರ್ಥವಾಯಿತು. ಆದರೂ ಹಿಡಿದ ಗೋಡೆ ಬಿಡಲಿಲ್ಲ.

ಆ ಸಂಜೆ ಲತಾ ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದಳು. ಗ್ಯಾರೇಜಿನ ಮೇಲೆ ಗೀಚಿದ್ದು, ಹಿಂದೆ ಬೇರೆ ದೇಶದಲ್ಲಿ ಆ ಜನರನ್ನು ಹುಡುಕಿ ಹುಡುಕಿ ಕೊಂದದ್ದು, ಅದಕ್ಕೇ ಮಿರಿಯಮ್ಮ ಹೆದರಿದ್ದು, ನಿನ್ನ ತಪ್ಪಲ್ಲ ಅನ್ನುವುದು. ಅನು ಅಳಲಿಲ್ಲ. ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಅಂದಳು.

"ಏನಂತೆ?" ಅಂತ ಲತಾಳನ್ನು ಕೇಳಿದೆ.

"ಸ್ಕೂಲ್ ಬಸ್ಸಲ್ಲಿ ಹುಡುಗ್ರು ಯಹೂದಿಗಳನ್ನ ಹಂಗಿಸಿ ಹಾಡ್ತಾರಂತಮ್ಮ. ಎಲ್ಲ ನಗ್ತಾರೆ ಅಂತ ಇವಳೂ ನಗ್ತಿದ್ಲಂತೆ."

ಗೀಚಿದವರು ಯಾರೆಂದು ತಿಳಿಯಲೇ ಇಲ್ಲ. ದಿನಾ ನಮಗೆ ಕೈ ಬೀಸುತ್ತಿದ್ದವರೇ ಇರಬೇಕು. ಬೇಸಿಗೆಯಲ್ಲಿ ಮಿರಿಯಮ್ಮ ಮನೆ ಮಾರಿ ತಮ್ಮನ ಊರಿಗೆ ಹೋದಳು, ಡಬ್ಬಿ ಬಿಚ್ಚಿಕೊಂಡು. ಎರಡು ಮೊಳೆ ತೂತು, ನಡುವೆ ತೊಳೆದರೂ ಹೋಗದ ಸ್ವಲ್ಪ ಕೆಂಪು ಉಳಿದಿತ್ತು. ಹೊಸಬರು ಬಂದು ಬಣ್ಣ ಬಳಿದರು.

ಈಗ ಅನುವಿನ ಮಗ ಶಾಲೆಗೆ ಸೇರುತ್ತಾನೆ. "ಇದೆಲ್ಲ ಅವ್ನಿಗೆ ಯಾವಾಗ ಹೇಳೋದಜ್ಜಿ?" ಅಂತ ಮೊನ್ನೆ ಕೇಳಿದಳು.

"ಬಸ್ಸು ಹತ್ತಿಸೋ ಮುಂಚೆ" ಅಂದೆ.