ಪ್ರತಿನಿಧಿ ಇಲ್ಲದೆ ಆಡಿದ ಮಾತು

ಮುಖ್ಯೋಪಾಧ್ಯಾಯಿನಿ ಎಂದರೆ ತನ್ನ ಕೈಯ ಚಾಟಿ ಎಂದು ಆಡಳಿತ ಮಂಡಳಿ ತಿಳಿದಿರುತ್ತದೆ. ಆ ಕುರ್ಚಿಯಲ್ಲಿ ಕೂತ ಮರುದಿನವೇ ಮನುಷ್ಯತ್ವ ಹೋಯಿತೆಂದು ಶಿಕ್ಷಕರ ಸಂಘ ತಿಳಿದಿರುತ್ತದೆ. ನಡುವೆ ಸಿಕ್ಕಿ ನುಜ್ಜುಗುಜ್ಜಾಗುವ ಜೀವ ಯಾರಿಗೂ ಬೇಕಿಲ್ಲ.

ಈ ಮೇಡಂ ಗಣಿತದ ಟೀಚರಾಗಿ ಸೇರಿ, ಸಂಘದ ಕಾರ್ಯದರ್ಶಿಯಾಗಿ ಮಂಡಳಿಯ ಬೆವರಿಳಿಸಿ, ಕೊನೆಗೆ ಮುಖ್ಯೋಪಾಧ್ಯಾಯಿನಿಯಾದವರು. ಶಿಕ್ಷಕರನ್ನು ಕರೆಸಿ ವಿಚಾರಿಸುವಾಗ ಸಂಘದ ಪ್ರತಿನಿಧಿ ಪಕ್ಕದಲ್ಲಿರಬೇಕು ಎಂಬ ಕರಾರನ್ನು ಹಟ ಹಿಡಿದು ತಂದವರು ಅವರೇ. ಅದನ್ನು ಮೊದಲು ಮುರಿದವರೂ ಅವರೇ ಆಗಬೇಕೆ!

ಆದದ್ದಿಷ್ಟು. ಹೊಸ ವಿಜ್ಞಾನದ ಟೀಚರು ಪಾಠದ ನಡುವೆಯೇ ಹೊರಗೋಡುತ್ತಾಳೆಂದು ಪೋಷಕರು ದೂರಿದರು. ಮೇಡಂ ಕರೆಸಿದರು. "ಏನಮ್ಮಾ, ಮೈ ಹುಷಾರಿಲ್ವಾ?" ಎಂದದ್ದೇ ತಡ, ಹುಡುಗಿಯ ಕಣ್ಣಿಂದ ನೀರು ದಳದಳನೆ ಇಳಿಯಿತು. ಹೊರಗೆ ಗುಮಾಸ್ತ ಸುಳಿದಾಡುತ್ತಿದ್ದ. ಅವನು ಮಂಡಳಿಯ ಅಧ್ಯಕ್ಷರ ಭಾವಮೈದ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅವರ ಮನೆ ಸೇರುತ್ತಿತ್ತು. ಮೇಡಂ ಎದ್ದು ಬಾಗಿಲು ಹಾಕಿದರು.

"ಮೂರು ತಿಂಗಳು, ಮೇಡಂ. ಕೆಲಸ ಕಾಯಂ ಆಗೋಕೆ ಇನ್ನೂ ಮೂರು ವಾರ ಇದೆ. ಗೊತ್ತಾದ್ರೆ ತೆಗೆದುಹಾಕ್ತಾರೆ."

ಅನುಮಾನವೇ ಇರಲಿಲ್ಲ. ಹೋದ ವರ್ಷ ಹೀಗೇ ಬಸುರಿಯಾದ ಟೀಚರೊಬ್ಬಳನ್ನು ಮಂಡಳಿಯವರು 'ಪಾಠ ಸಾಲದು' ಎಂದು ಮನೆಗೆ ಕಳಿಸಿದ್ದರು. ಮಕ್ಕಳ ಶಾಲೆ ನಡೆಸುವವರಿಗೆ ಮಗು ಹುಟ್ಟುವುದೇ ನಷ್ಟದ ಬಾಬ್ತು!

ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದದ್ದನ್ನು ಸ್ಟಾಫ್ ರೂಮೆಲ್ಲ ನೋಡಿತು. ಸಂಘದ ಈಗಿನ ಕಾರ್ಯದರ್ಶಿ ವ್ಯಾಯಾಮದ ಮೇಷ್ಟ್ರು. ಕೊರಳಲ್ಲಿ ಸದಾ ಸೀಟಿ, ಹಾಗಾಗಿ ಸೀಟಿ ಮೇಷ್ಟ್ರು. ಅವರು ಬೆಂಕಿಯಾಗಿ ಒಳನುಗ್ಗಿದರು.

"ಏನಕ್ಕಾ ಇದು? ಬಾಗಿಲು ಹಾಕ್ಕೊಂಡು ಹೊಸ ಹುಡುಗೀನ ಅಳಿಸ್ತೀರಾ? ನೀವೇ ತಂದ ನಿಯಮ ನಿಮಗೇ ಮರೆತುಹೋಯ್ತಾ? ಕುರ್ಚಿಯ ಅಂಟು ಮೆದುಳಿಗೂ ಹತ್ತುತ್ತೇನು?"

"ನಾನು ಗದರಲಿಲ್ಲಪ್ಪ."

"ಮತ್ತೇನಂದ್ರಿ?"

ಮೇಡಂ ಬಾಗಿಲಾಚೆ ಕಣ್ಣು ಹಾಯಿಸಿದರು. "ಹೇಳೋಕಾಗಲ್ಲ."

"ಹಾಗಾದ್ರೆ ಸ್ಟಾಫ್ ರೂಮಲ್ಲಿ ಎಲ್ಲರೆದುರು ಕ್ಷಮೆ ಕೇಳಿ. ಇಲ್ಲಾಂದ್ರೆ ನಾಳೆಯಿಂದ ಯಾರೂ ತರಗತಿಗೆ ಹೋಗಲ್ಲ."

ಸಂಜೆ ಅಧ್ಯಕ್ಷರ ಫೋನು. "ಅವಳು ಯಾಕೆ ಅತ್ತಳು, ಹೇಳಿಬಿಡಿ. ತಪ್ಪು ಅವಳದಾದ್ರೆ ಸಂಘದ ಬಾಯಿ ತಾನೇ ಬಂದ್. ಅದು ಬಿಟ್ಟು ಕ್ಷಮೆ ಗಿಮೆ ಕೇಳಿದ್ರೋ, ನಿಮ್ಮ ಕುರ್ಚಿ ಬೇರೆಯವರಿಗೆ."

ಮರುದಿನ ಬೆಲ್ ಹೊಡೆದರೂ ಸ್ಟಾಫ್ ರೂಮಿನಿಂದ ಒಬ್ಬ ಶಿಕ್ಷಕರೂ ಎದ್ದಿರಲಿಲ್ಲ. ತರಗತಿಗಳಿಂದ ಮಕ್ಕಳ ಗದ್ದಲ ಏರುತ್ತಿತ್ತು. ಗುಮಾಸ್ತ ನೀರು ಕುಡಿಯುವ ನೆಪದಲ್ಲಿ ಮೂಲೆಯಲ್ಲಿ ನಿಂತಿದ್ದ. ಮೇಡಂ ಅಲ್ಲಿಗೇ ಬಂದರು.

"ಪ್ರತಿನಿಧಿ ಬೇಕಾ ಅಂತ ಅವಳನ್ನ ನಾನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು, ಕ್ಷಮಿಸಿ."

"ಒಳಗೇನಾಯ್ತು?" ಯಾರೋ ಕೂಗಿದರು.

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ಅರ್ಧ ಎದ್ದಳು. ಮೇಡಂ ದುರುಗುಟ್ಟಿ ನೋಡಿದ ರೀತಿಗೆ ಹಾಗೇ ಕೂತಳು.

"ಕ್ಷಮೆ ಕೇಳಿದ್ದೀನಿ. ಅದಕ್ಕಿಂತ ಹೆಚ್ಚು ನನ್ನಿಂದ ಒಂದಕ್ಷರವೂ ಬರಲ್ಲ."

ಸೀಟಿ ಮೇಷ್ಟ್ರು ಗುಮಾಸ್ತನನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಆಯ್ತಲ್ಲ, ನಡೀರಿ ತರಗತಿಗೆ" ಎಂದರು.

ಅಧ್ಯಕ್ಷರು ಮಾತು ಉಳಿಸಿಕೊಂಡರು. ಮಧ್ಯಾಹ್ನದೊಳಗೆ ಕುರ್ಚಿ ಬೇರೆಯವರದಾಯಿತು. ಮೇಡಂ ಎಂಟನೇ ತರಗತಿಯ ಬೀಜಗಣಿತಕ್ಕೆ ಮರಳಿದರು. ಸಂಘ ತುಟಿ ಪಿಟಕ್ಕೆನ್ನಲಿಲ್ಲ. ಮುಖ್ಯೋಪಾಧ್ಯಾಯಿನಿಗಾಗಿ ಹೋರಾಡುವ ಪದ್ಧತಿ ಸಂಘಕ್ಕಿಲ್ಲವಂತೆ!

ಮೂರು ವಾರದ ಮೇಲೆ ಹುಡುಗಿಯ ಕೆಲಸ ಕಾಯಂ ಆಯಿತು. ಅಂದೇ ಅವಳು ಎಲ್ಲರಿಗೂ ವಿಷಯ ಹೇಳಿದಳು. ಸೀಟಿ ಮೇಷ್ಟ್ರು ತಲೆ ತಗ್ಗಿಸಿಕೊಂಡು ಬಂದರು.

"ಅಕ್ಕಾ, ನನಗಾದ್ರೂ ಸುಳಿವು ಕೊಡಬಾರದಿತ್ತಾ?"

"ಅವಳಿಗೋಸ್ಕರ ನೀವೆಲ್ಲ ಶಾಲೇನೇ ನಿಲ್ಲಿಸೋಕೆ ಹೊರಟಿದ್ರಲ್ಲ, ಅವಳನ್ನೊಂದು ಮಾತು ಕೇಳಿದ್ರೇನಪ್ಪಾ?"

ಮೇಷ್ಟ್ರು ಕೊರಳ ಸೀಟಿ ತೆಗೆದು ಜೇಬಿಗಿಟ್ಟರು.

"ಈಗಾದ್ರೂ ಕೇಳು. ಹೆರಿಗೆ ರಜೆಗೆ ಸಂಬಳ ಇಲ್ಲ ಅಂದಿದ್ದಾರಂತೆ. ಸಭೆ ಯಾವಾಗ ಕರೀತೀಯ ಹೇಳು, ನಾನೂ ಬರ್ತೀನಿ."