ಲಂಟಾನದ ಹಗೆ ಕದಿರಮ್ಮ
ನನ್ನ ಅಂಗಡಿಯ ಗುದ್ದಲಿಗಳನ್ನೆಲ್ಲ ತಟ್ಟಿ ನೋಡಿ, ಎಲ್ಲದರಲ್ಲೂ ಕೊಂಕು ತೆಗೆದು, ಕೊನೆಗೆ ಮೊದಲನೆಯದನ್ನೇ ಒಯ್ಯುವವಳು ನಂಗಲಿಯ ಕದಿರಮ್ಮ. ಕಾಡಿಗೆ ಹಬ್ಬಿದ ಲಂಟಾನದ ಕಳೆಪೊದೆ ಕೀಳುವ ಕೂಲಿಯಾಳುಗಳಿಗೆ ಅವಳೇ ಮೇಸ್ತ್ರಿ. ಮದುವೆಮನೆಗೆ ಹೋದರೂ ಚಪ್ಪರದ ಹಿಂದಿನ ಲಂಟಾನ ಕಿತ್ತ ಮೇಲೆಯೇ ಊಟಕ್ಕೆ ಕೂರುತ್ತಾಳೆ. ಯಾರಾದರೂ ಮೇಲೆ ಮೇಲೆ ಸವರಿದರೆ ಮುಗಿಯಿತು: “ಲೇ ಭೀಮರಾಜ, ಕ್ಷೌರ ಮಾಡ್ತಿದ್ದೀಯೇನ್ಲಾ? ಬುಡ ಕಡಿದು, ಬೇರು ಮೇಲೆ ಮಾಡಿ ಮಲಗಿಸು, ಇಲ್ದಿದ್ರೆ ಮತ್ತೆ ಚಿಗುರ್ತದೆ!” ಇಷ್ಟು ಹಗೆ ಏಕೆಂದು ಒಮ್ಮೆ ಕೇಳಿದೆ. “ಹೂವು ಚೆಂದ ಅಂತ ಬೇಲಿಗೆ ನೆಟ್ಟೋಳು ನಾನೇ ಕಣಣ್ಣ. ಅದು ಗುಡ್ಡ ಹತ್ತಿ ಹುಲ್ಲೆಲ್ಲಾ ನುಂಗ್ತು, ಜಿಂಕೆಗಳು ಬರೋದೇ ನಿಂತೋಯ್ತು,” ಎಂದಳು. ನಾಲ್ಕು ವರ್ಷ ಕಿತ್ತಳು. ಈ ಮಳೆಗೆ ಗುಡ್ಡದ ತುಂಬ ಹುಲ್ಲೆದ್ದಿತು. ಮೊನ್ನೆ ಬೆಳಿಗ್ಗೆ ಅಲ್ಲಿ ಜಿಂಕೆಯೊಂದು ಮರಿಯೊಂದಿಗೆ ಮೇಯುತ್ತಿದ್ದುದನ್ನು ಕಂಡು, ಜನ್ಮದಲ್ಲಿ ಮೊದಲ ಬಾರಿಗೆ ಪಿಸುಗುಟ್ಟಿದಳಂತೆ: “ಎಲ್ಲಾ ಮೆಲ್ಲಗೆ ಕೆಳಗಿಳೀರಿ. ಇವತ್ತು ಕೆಲಸ ಇಲ್ಲ. ಗುಡ್ಡದ ಯಜಮಾನರು ಮನೆಗೆ ಬಂದವ್ರೆ.”