ಕಾರಿನ ಮೈ ಆರುವ ತನಕ

ಎರಡೂವರೆ ಸಾವಿರ ರೂಪಾಯಿ ಹೋಯಿತು. ನಾಲ್ಕು ಸಾವಿರ ಹೇಳಿದವನನ್ನು ಅಲ್ಲಿಗೆ ಇಳಿಸಿದ್ದೇ ನನ್ನ ಸಾಧನೆ. ಯಾತಕ್ಕೆ ಹೋಯಿತು ಎಂದರೆ, ಪುಕ್ಕಟೆ ನೀರಿಗೆ. ಇವತ್ತು ಕಾರಿನ ಡಿಕ್ಕಿ ತೆಗೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದು ಆ ಸಿಟ್ಟು ಮತ್ತೆ ನೆತ್ತಿಗೇರಿತು. ಗೋಬಿ ಮಂಚೂರಿ ಮಾರುವವನ ಹತ್ತಿರ ಇರಬೇಕಾದ ಬಾಟಲಿ ನನ್ನ ಡಿಕ್ಕಿಯಲ್ಲೇಕೆ ಎಂದು ಕೇಳುತ್ತೀರಿ. ಹೇಳುತ್ತೇನೆ.

ಮೂಡಲಗಿಯಲ್ಲಿ ನನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅಪ್ಪನ ತಮ್ಮ, ನಮ್ಮ ಕಾಕಾ, ಕೌಜಲಗಿಯಲ್ಲಿದ್ದಾರೆ. ಅವರ ಮನೆಗೆ ಹೋದರೆ ಚಹಾ ಬರುವ ಮೊದಲೇ ಬೋರಿನ ಪೈಪು ಬರುತ್ತದೆ. ಹಿಂದೆ ಬೀಗರ ಚಕ್ಕಡಿ ಬಂದು ನಿಂತರೆ ಎತ್ತು ಬಿಚ್ಚಿ, ಮೈ ತೊಳೆದು, ಬಿಸಿಲಿಗೆ ಕಟ್ಟುವುದು ಅವರ ಪಾಲಿನ ಕೆಲಸವಾಗಿತ್ತಂತೆ. ಈಗ ಚಕ್ಕಡಿಯ ಜಾಗಕ್ಕೆ ಕಾರು ಬಂದಿದೆ, ಕಾಕಾ ಅದರ ಮೈಯನ್ನೂ ತೊಳೆಯುತ್ತಾರೆ. ಬೇವಿನ ನೆರಳಲ್ಲಿ ನಿಂತದ್ದನ್ನು ನನ್ನ ಕೈಯಿಂದಲೇ ಬಿಸಿಲಿಗೆ ತೆಗೆಸುತ್ತಾರೆ. “ಮೈ ಆರಲಿ, ಅಲ್ಲೀತನಾ ಕುಂಡ್ರು” ಎನ್ನುತ್ತಾರೆ.

ಎತ್ತಿಗೆ ಅದು ಸರಿ. ಆದರೆ ಆ ಬೋರಿನ ಸವಳು ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನಿಗೆ ನೊರೆ ಏಳುವುದಿಲ್ಲ. ಬಿಸಿಲಿಗೆ ನೀರು ಹಾರಿಹೋಗಿ ಸುಣ್ಣದ ಚುಕ್ಕೆ ಉಳಿಯುತ್ತದೆ. ನನ್ನ ಕಾರೋ, ಕಡುಗಪ್ಪು.

ಅದನ್ನು ಮಾರಲು ಇಟ್ಟಾಗ, ಕೊಳ್ಳಲು ಹುಕ್ಕೇರಿಯಿಂದ ಬಂದವನು ಬಾನೆಟ್ ಮೇಲೆ ಬಗ್ಗಿ, “ಗಾಡಿಗೆ ಅಮ್ಮ ಬಂದಾಳೇನ್ರಿ?” ಎಂದ. ಹಳೆಯ ಗಾಡಿ ಕೊಳ್ಳುವಾಗ ನಾನೂ ಇಂಥದ್ದೇ ಮಾತು ಹುಡುಕುವವನು. ಆದರೂ ನನ್ನ ಗಾಡಿಗೆ ಅಂದಾಗ ಮೈ ಉರಿಯಿತು. ಕಲೆ ತೆಗೆಸಿದರೆ ಹೇಳಿದ ಬೆಲೆಗೇ ಒಯ್ಯುತ್ತೇನೆ, ಸೋಮವಾರ ಬರುತ್ತೇನೆ ಎಂದು ಹೋದ.

ಶಾಂಪೂ ಹಾಕಿ ತಿಕ್ಕಿದೆ. ಕಾರು ಸ್ವಚ್ಛವಾಗಿ ಕಲೆಗಳು ಇನ್ನೂ ಚೆನ್ನಾಗಿ ಕಂಡವು. ಯಾರೋ ಹೇಳಿದರೆಂದು ಲಿಂಬೆಹಣ್ಣು ಉಜ್ಜಿ ಊಟಕ್ಕೆ ಹೋದೆ. ಬಂದು ನೋಡಿದರೆ ಕಲೆ ಹಾಗೇ ಇತ್ತು, ಹೊಳಪು ಹೋಗಿತ್ತು. ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅರಿವೆ ಅದ್ದಿ ಒತ್ತಿ ಹಿಡಿದಾಗ ಹೊಸ ಕಲೆಗಳು ಕರಗಿದವು. ಹಳೆಯವು ಬಣ್ಣದೊಳಗೇ ಕೂತಿದ್ದವು. ಅವುಗಳಿಗಾಗಿ ಗೋಕಾಕದ ಪಾಲಿಶ್ ಅಂಗಡಿ, ಮೇಲೆ ಹೇಳಿದ ಖರ್ಚು.

ಭಾನುವಾರ ಕಾರು ಕನ್ನಡಿಯಾಗಿ ಕೈಗೆ ಬಂತು. ಅಷ್ಟರಲ್ಲಿ ಕಾಕಾನ ಹೆಂಡತಿ, ಕಾಕೂನ ಫೋನು. ಗೋಕಾಕಕ್ಕೆ ಬಂದವನು ನಮ್ಮನ್ನು ನೋಡದೆ ಹೋಗುತ್ತೀಯಾ ಎಂದು ತಕರಾರು. ಬಾಯಿಬಿಟ್ಟವಳು ನನ್ನ ಹೆಂಡತಿ. ಜಾಣತನ ಮಾಡಿ ಕಾರನ್ನು ಓಣಿಯ ತುದಿಯಲ್ಲೇ ಬಿಟ್ಟು ನಡೆದು ಹೋದೆ. ಪೈಪು ಅಲ್ಲಿಯವರೆಗೆ ಮುಟ್ಟುವುದಿಲ್ಲವಲ್ಲ. ಕಾಕಾ ಬಕೆಟ್ ಹಿಡಿದು ನನಗಿಂತ ಮುಂದೆ ಹೊರಟರು.

“ಬ್ಯಾಡ ಕಾಕಾ, ಕಲಿ ಬೀಳತಾವು.”

“ಎತ್ತಿಗೆ ಬೀಳಲಿಲ್ಲ, ಇದಕ್ಯಾಕ ಬೀಳತಾವೋ? ಬಂದ ಎತ್ತಿನ ಮೈ ತೊಳೀಲಿಲ್ಲಂದ್ರ, ಇನ್ನ ನೀ ನಡಿ ಅಂದಂಗ ಆಗೂದಿಲ್ಲೇನು?”

ಆಗ ತಲೆಗೆ ಹೊಳೆಯಿತು. ಎತ್ತಿನ ಮೈ ಹಸಿ ಇರುವಾಗ ಯಾರೂ ಚಕ್ಕಡಿ ಹೂಡುವುದಿಲ್ಲ. ಅದು ಆರುವಷ್ಟರಲ್ಲಿ ರೊಟ್ಟಿ ಆಗುತ್ತದೆ, ಬಂದವನು ಉಂಡೇ ಏಳುತ್ತಾನೆ. ಚಹಾ ಕುಡಿದು ಓಡುವ ನನ್ನನ್ನು ಕಾಕಾ ಇಷ್ಟು ದಿನ ಹಿಡಿದಿಟ್ಟಿದ್ದು ಈ ಸವಳು ನೀರಿನಿಂದ. ಎಲ್ಲರಿಗೂ ವ್ಯವಹಾರ ಕಲಿಸುವ ನನಗೆ ಇದು ತಿಳಿದಿರಲಿಲ್ಲ.

ಕಾರಿನ ಆಸೆ ಬಿಡಲಾರೆ, ಕಾಕಾನ ಕೈಯಿಂದ ಬಕೆಟ್ ಕಸಿಯಲಾರೆ. ಕೊನೆಗೆ ಚೌಕಾಸಿಗೇ ಇಳಿದೆ.

“ನೀ ತೊಳಿ, ನಾ ಹಿಂದಿಂದ ಒರಸ್ತೇನಿ. ಉಂಡ ಹೋಗ್ತೇನಿ.”

ಕಾಕಾ ನೀರು ಚೆಲ್ಲುತ್ತ ಹೋದರು, ನಾನು ಅರಿವೆ ಹಿಡಿದು ಬೆನ್ನು ಬಿದ್ದೆ. ಒರೆಸಿ ಮುಗಿದಾಗ ಅವರು ಖಾಲಿ ಬಕೆಟ್ ಹಿಡಿದು, “ಆರೇ ಬಿಡ್ತಲ್ಲೋ” ಎಂದರು. ಆ ಸಪ್ಪೆ ಧ್ವನಿ ನನಗೆ ಹಿಡಿಸಲಿಲ್ಲ. ಚಾವಿ ತೆಗೆದು ಅವರ ಕೈಯಲ್ಲಿಟ್ಟೆ. ಸಂಜೆಯವರೆಗೂ ಅದು ಅವರ ಅಂಗಿಯ ಕಿಸೆಯಲ್ಲೇ ಇತ್ತು.

ಮರುದಿನ ಹುಕ್ಕೇರಿಯವನು ಬಾನೆಟ್ ಮೇಲೆಲ್ಲ ಬೆರಳಾಡಿಸಿ, ಏನೂ ಸಿಗದೆ ಟೈರು ಒದ್ದು ನೋಡಿ, ಹೇಳಿದ ಬೆಲೆ ಕೊಟ್ಟ. ಈ ಸಲ ಬಿಳಿ ಕಾರು ತಗೊಂಡಿದ್ದೇನೆ. ಬಾಟಲಿ ಮಾತ್ರ ಇದರ ಡಿಕ್ಕಿಗೂ ಬಂದಿದೆ.

ನಿಮ್ಮ ಕಡೆಯೂ ಸವಳು ಬೋರು ಇದ್ದರೆ ಕೇಳಿ. ಕಾದ ಬಾನೆಟ್ ಮೇಲೆ ನೀರು ಹಾಕಬೇಡಿ. ಹನಿ ಆರುವ ಮೊದಲೇ ಮೆತ್ತನೆಯ ಅರಿವೆಯಿಂದ ಒರೆಸಿ. ಕಲೆ ಬಿದ್ದರೆ ಅಂದೇ ವಿನೆಗರ್ ಹಚ್ಚಿ, ಕೂಡಲೇ ಒಳ್ಳೆಯ ನೀರಿನಿಂದ ತೊಳೆಯಿರಿ. ಲಿಂಬೆಹಣ್ಣು ಊಟಕ್ಕಿರಲಿ. ಒರೆಸಿದ ಮೇಲೆ ಚಾವಿಯನ್ನು ನಿಮ್ಮ ಕಿಸೆಗೆ ಹಾಕಿಕೊಳ್ಳಬೇಡಿ. ತೊಳೆದವರ ಕೈಗೆ ಕೊಟ್ಟು, ಒಳಗೆ ಹೋಗಿ ಕೂತುಬಿಡಿ.